ದಂಡಿನ ನೆರಳಲ್ಲಿ ಕಸುಬಿನ ಕೇರಿಗಳು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವಿರಲಿ, ಕೋಲ್ಕತ್ತದ ಈಡನ್ ಗಾರ್ಡನ್ಸ್ ಇರಲಿ, ನಮ್ಮ ದೇಶದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳಲ್ಲಿ ಬೌಲರ್ ಕೈಯಲ್ಲಿರುವ ಕೆಂಪು ಚೆಂಡು ಬಂದಿರುವುದು ಮೀರತ್ತಿನಿಂದ. ನಮಗೆ ಮಾತ್ರ ಮೀರತ್ ಎಂದರೆ ಶಾಲೆಯ ಚರಿತ್ರೆ ಪುಸ್ತಕದ ಒಂದೇ ಒಂದು ದಿನಾಂಕ, 1857ರ ಮೇ 10. ಆ ಸಾಲು ಮುಗಿದರೆ ಪಾಠ ದೆಹಲಿಗೆ ಹೋಗುತ್ತದೆ, ಝಾನ್ಸಿಗೆ ಹೋಗುತ್ತದೆ, ಮೀರತ್ತಿಗೆ ಮರಳುವುದೇ ಇಲ್ಲ. ಇದು ಆ ಊರಿಗೆ ನಾವು ಮಾಡುತ್ತಿರುವ ಅನ್ಯಾಯ. ಸೈನ್ಯಕ್ಕಾಗಿ ಬೆಳೆದ ಊರಿನಲ್ಲಿ ಸೈನಿಕರಷ್ಟೇ ಅಲ್ಲ, ಲೋಹ ಕಾಯಿಸುವವರು, ತೊಗಲು ಹೊಲಿಯುವವರು, ಕಹಳೆ ಬಗ್ಗಿಸುವವರು ಕೂಡ ಇದ್ದರು. ಬ್ರಿಟಿಷರು ಹೋದ ಮೇಲೂ ಊರನ್ನು ಎತ್ತಿ ನಿಲ್ಲಿಸಿದ್ದು ಇವರ ಕೈಗಳು.

ಮೀರತ್ ಇರುವುದು ಉತ್ತರ ಪ್ರದೇಶದ ಪಶ್ಚಿಮ ಅಂಚಿನಲ್ಲಿ, ದೆಹಲಿಯಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ. ಗಂಗೆ ಯಮುನೆಗಳ ನಡುವಿನ ಈ ಫಲವತ್ತಾದ ಬಯಲಿನಲ್ಲಿ ಎತ್ತ ನೋಡಿದರೂ ಕಬ್ಬು. ಪಂಪನನ್ನೂ ಕುಮಾರವ್ಯಾಸನನ್ನೂ ಓದಿದವರಿಗೆ ಮನೆಯಂಗಳದಷ್ಟು ಪರಿಚಿತವಾದ ಹಸ್ತಿನಾಪುರ ಇದೇ ಜಿಲ್ಲೆಗೆ ಸೇರಿದೆ. 1803ರ ಡಿಸೆಂಬರಿನಲ್ಲಿ ದೌಲತ್‌ರಾವ್ ಸಿಂಧಿಯಾ ಸುರ್ಜಿ ಅಂಜನಗಾಂವ್ ಒಪ್ಪಂದಕ್ಕೆ ಒಪ್ಪಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1806ರಲ್ಲಿ ಕಂಪನಿ ಹಳೆಯ ಪೇಟೆಯ ಪಕ್ಕದಲ್ಲಿ ದಂಡನ್ನು ಇಳಿಸಿತು.

ಬೆಂಗಳೂರಿನ ದಂಡು ಹುಟ್ಟಿದ್ದು 1809ರಲ್ಲಿ. ಹಾಗಾಗಿ ನಮಗೆ ಈ ಊರಿನ ನಕ್ಷೆ ಹೊಸದೆನಿಸುವುದಿಲ್ಲ. ಇಕ್ಕಟ್ಟಾದ ಹಳೆಯ ಪೇಟೆಯಿಂದ ಮಾರು ದೂರದಲ್ಲಿ ವಿಶಾಲ ಮೈದಾನ, ಮರಗಳ ಸಾಲಿನ ನೇರ ರಸ್ತೆ, ಬಂಗಲೆಗಳು, ಚರ್ಚು, ಸಿಪಾಯಿಗಳ ಸಾಲುಮನೆ. ನಮ್ಮಲ್ಲಿ ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಉಳಿದಂತೆ ಅಲ್ಲಿ ತೋಪ್‌ಖಾನಾ, ಲಾಲ್ ಕುರ್ತಿ, ಸದರ್ ಬಜಾರ್ ಉಳಿದಿವೆ. 1819ರಲ್ಲಿ ಕಟ್ಟಲು ತೊಡಗಿದ ಸೇಂಟ್ ಜಾನ್ಸ್ ಚರ್ಚ್ ಇಂದಿಗೂ ಇದೆ. ದಂಡಿನ ಆಸುಪಾಸಿನಲ್ಲಿ ಇನ್ನೊಂದು ಸೈನ್ಯವೂ ಇತ್ತು ಎಂಬುದು ಕುತೂಹಲದ ಸಂಗತಿ. ಹತ್ತಿರದ ಸರ್ಧಾನಾದಲ್ಲಿ ಬೇಗಂ ಸಮ್ರು ಎಂಬ ಹೆಣ್ಣುಮಗಳು ತನ್ನದೇ ಪಡೆ ಇಟ್ಟುಕೊಂಡು 1836ರಲ್ಲಿ ಸಾಯುವವರೆಗೂ ಆಳಿದಳು. ನರ್ತಕಿಯಾಗಿ ಬದುಕು ಆರಂಭಿಸಿ, ಅರಸಿಯಾಗಿ, ಕ್ರೈಸ್ತಳಾದವಳು. ಅವಳು ಕಟ್ಟಿಸಿದ ಭವ್ಯ ಚರ್ಚಿಗೆ ಇವತ್ತೂ ಎಲ್ಲ ಧರ್ಮದವರು ಹೋಗುತ್ತಾರೆ. ಮೀರತ್ತಿನ ನಟ್ಟನಡುವಿನ ಬೇಗಂ ಪುಲ್ ಎಂಬ ಜಾಗದ ಹೆಸರಿನಲ್ಲಿ ಅವಳಿದ್ದಾಳೆ.

ಇನ್ನು 1857. ಈ ಕಥೆಯನ್ನು ಅವಸರದಲ್ಲಿ ಹೇಳಬಾರದು. ಮಂಗಲ್ ಪಾಂಡೆಯನ್ನು ದೂರದ ಬ್ಯಾರಕ್‌ಪುರದಲ್ಲಿ ಏಪ್ರಿಲ್ 8ರಂದು ಗಲ್ಲಿಗೇರಿಸಿ ಎರಡು ವಾರವಾಗಿತ್ತಷ್ಟೆ. ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾಗಳ ಸುದ್ದಿ ದಂಡಿನಿಂದ ದಂಡಿಗೆ ಹರಡುತ್ತಿತ್ತು. ಏಪ್ರಿಲ್ 24ರ ಬೆಳಿಗ್ಗೆ ಮೀರತ್ತಿನ 3ನೇ ಲೈಟ್ ಕ್ಯಾವಲ್ರಿಯ 90 ಮಂದಿ ಸವಾರರನ್ನು ಕರ್ನಲ್ ಕಾರ್‌ಮೈಕಲ್ ಸ್ಮಿತ್ ಕವಾಯತಿಗೆ ನಿಲ್ಲಿಸಿ ತೋಟಾ ತೆಗೆದುಕೊಳ್ಳಲು ಆಜ್ಞೆ ಮಾಡಿದ. ಐದು ಜನ ತೆಗೆದುಕೊಂಡರು, 85 ಜನ ಒಲ್ಲೆವೆಂದರು. ಈ 85 ಮಂದಿಯಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಸೇನಾ ನ್ಯಾಯಾಲಯ ಬಹುತೇಕ ಎಲ್ಲರಿಗೂ ಹತ್ತು ವರ್ಷದ ಕಠಿಣ ಶಿಕ್ಷೆ ಕೊಟ್ಟಿತು.

ಮೇ 9ರಂದು ಇಡೀ ದಂಡನ್ನು ಮೈದಾನದಲ್ಲಿ ನಿಲ್ಲಿಸಿ, ಗೋರಾ ಪಡೆಗಳು ತೋಪು ಬಂದೂಕು ಹಿಡಿದು ಕಾಯುತ್ತಿರುವಾಗ, ಆ 85 ಮಂದಿಯ ಸಮವಸ್ತ್ರ ಕಳಚಲಾಯಿತು. ಕಮ್ಮಾರರು ಒಬ್ಬೊಬ್ಬರ ಕಾಲಿಗೂ ಬೇಡಿ ಬಡಿದರು. ಕಂಪನಿಗಾಗಿ ಹೋರಾಡಿದ ಹಳಬರೂ ಅವರಲ್ಲಿದ್ದರು. ಆಳುವವರಿಗೆ ಇದೊಂದು ಶಿಸ್ತಿನ ಕ್ರಮ. ನೋಡುತ್ತ ನಿಂತವರಿಗೆ ಸಹಿಸಲಾಗದ ಅವಮಾನ. ಮರುದಿನ ಭಾನುವಾರ ಸಂಜೆ ಸದರ್ ಬಜಾರಿನಲ್ಲಿ ಗದ್ದಲ ಎದ್ದಿತು. ಸವಾರರು ಜೈಲಿಗೆ ನುಗ್ಗಿ ಒಡನಾಡಿಗಳನ್ನು ಬಿಡಿಸಿದರು. 11ನೇ ಮತ್ತು 20ನೇ ಕಾಲಾಳು ಪಡೆಗಳು ಕೂಡಿಕೊಂಡವು. ಪೇಟೆಯವರೂ ಸುತ್ತಲ ಹಳ್ಳಿಗಳವರೂ ಸೇರಿದರು. ಕೋತವಾಲ ಧನ್ ಸಿಂಗ್ ಗುರ್ಜರ್ ಹೆಸರು ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಹೆಮ್ಮೆಯ ಮಾತು. ಬಂಗಲೆಗಳು ಉರಿದವು, ಅಧಿಕಾರಿಗಳಷ್ಟೇ ಅಲ್ಲ, ಹೆಂಗಸರು ಮಕ್ಕಳೂ ಸತ್ತರು. ಅದನ್ನು ಮುಚ್ಚಿಡಬೇಕಾಗಿಲ್ಲ. ಇಡೀ ಉತ್ತರ ಭಾರತದಲ್ಲೇ ಅತಿ ದೊಡ್ಡ ಗೋರಾ ಪಡೆಗಳಲ್ಲೊಂದು ಇದ್ದ ದಂಡು ಅದು. ಆದರೂ ಬ್ರಿಟಿಷ್ ಅಧಿಕಾರಿಗಳು ಆ ರಾತ್ರಿ ಬೆನ್ನಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಸವಾರರು ದೆಹಲಿ ಮುಟ್ಟಿ, ಮುದಿ ಬಾದಶಹ ಬಹಾದುರ್ ಶಾ ಜಫರ್‌ನ ಅರಮನೆಯ ಕೆಳಗೆ ನಿಂತಿದ್ದರು.

ದಂಡಿನಲ್ಲಿ ಔಘಡನಾಥ ಎಂಬ ಶಿವಾಲಯವಿದೆ. ದೇಶೀ ಸಿಪಾಯಿಗಳ ಪಡೆಯನ್ನು ಬ್ರಿಟಿಷರು ಕಾಲೀ ಪಲ್ಟನ್ ಎನ್ನುತ್ತಿದ್ದುದರಿಂದ ಜನರ ಬಾಯಲ್ಲಿ ಅದು ಕಾಲೀ ಪಲ್ಟನ್ ಮಂದಿರ. ಅಲ್ಲಿಯ ಬಾವಿಗೆ ನೀರು ಕುಡಿಯಲು ಬರುತ್ತಿದ್ದ ಸಿಪಾಯಿಗಳ ನಡುವೆಯೇ ದಂಗೆಯ ಮಾತು ಕುದಿಯಿತು ಎಂದು ಊರಿನವರು ಹೇಳುತ್ತಾರೆ.

ಮೀರತ್ತಿನ ಕಿಡಿ ನಮ್ಮ ನೆಲವನ್ನೂ ಸುಟ್ಟಿತು. ದಂಗೆಗೆ ಬೆದರಿದ ಸರ್ಕಾರ ಪ್ರಜೆಗಳ ಆಯುಧ ಕಸಿಯುವ ಕಾನೂನು ತಂದಿತು. ಅದನ್ನು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಎದ್ದು ನಿಂತವರು ಮುಧೋಳ ಸೀಮೆಯ ಹಲಗಲಿಯ ಬೇಡರು. ಅವರ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ.

ದಂಗೆಯ ನಂತರ ದಂಡು ಮತ್ತಷ್ಟು ಬಲಿಯಿತು. ಮೊದಲ ಮಹಾಯುದ್ಧದಲ್ಲಿ ಮೀರತ್ ಹೆಸರಿನ ಡಿವಿಷನ್ ಫ್ರಾನ್ಸಿನ ಕೆಸರು ಕಂದಕಗಳಲ್ಲಿ ಕಾದಾಡಿತು. 1929ರಲ್ಲಿ ದೇಶದ ಕಾರ್ಮಿಕ ನಾಯಕರನ್ನು ಬಂಧಿಸಿ ವಿಚಾರಣೆಗೆ ತಂದು ನಿಲ್ಲಿಸಿದ್ದೂ ಇಲ್ಲಿಗೇ. ಬೊಂಬಾಯಿಯಲ್ಲೋ ಕಲ್ಕತ್ತೆಯಲ್ಲೋ ಆದರೆ ಜ್ಯೂರಿ ಇರಬೇಕಾಗುತ್ತಿತ್ತು, ಮೀರತ್ತಿನಲ್ಲಿ ಬೇಕಿರಲಿಲ್ಲ. ಮೀರತ್ ಪಿತೂರಿ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದ ತೀರ್ಪು ಬರಲು 1933 ಆಯಿತು. ಆರೋಪಿಗಳಲ್ಲಿ ಮೂವರು ಇಂಗ್ಲಿಷರಿದ್ದರು. ಅವರಲ್ಲೊಬ್ಬನಾದ ಫಿಲಿಪ್ ಸ್ಪ್ರಾಟ್ ಜೈಲಿನಿಂದ ಹೊರಬಂದ ಮೇಲೆ ಕಮ್ಯುನಿಸಂ ತೊರೆದು, ಭಾರತದಲ್ಲೇ ಮದುವೆಯಾಗಿ, ಬೆಂಗಳೂರಿನಲ್ಲಿ ‘ಮೈಸಿಂಡಿಯಾ’ ಪತ್ರಿಕೆಯ ಸಂಪಾದಕನಾಗಿ ವರ್ಷಗಟ್ಟಲೆ ಬಾಳಿದ. ಸ್ವಾತಂತ್ರ್ಯಕ್ಕೆ ಮುಂಚಿನ ಕೊನೆಯ ಕಾಂಗ್ರೆಸ್ ಅಧಿವೇಶನ, 1946ರ ನವೆಂಬರಿನಲ್ಲಿ, ಆಚಾರ್ಯ ಕೃಪಲಾನಿ ಅಧ್ಯಕ್ಷತೆಯಲ್ಲಿ ನಡೆದದ್ದೂ ಇದೇ ಊರಿನಲ್ಲಿ.

ಈಗ ಗಲ್ಲಿಗಳಿಗೆ ಬರೋಣ. ಪಡೆಗೆ ಬ್ಯಾಂಡು ಬೇಕು. ಬ್ರಿಟಿಷ್ ಸೇನೆಯ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ತನ್ನದೇ ಬ್ಯಾಂಡು ಕಟ್ಟಿದ. ಮುಂದೆ ಅದೇ ಸಂಸ್ಥೆ ವಾದ್ಯಗಳನ್ನೂ ತಯಾರಿಸತೊಡಗಿತು. ಜಾಲಿ ಕೋಠಿ ಎಂಬ ಬೀದಿ ಇಂದು ಕಹಳೆ, ಟ್ರಂಪೆಟ್, ಯೂಫೋನಿಯಂಗಳ ತವರು. ಹಿತ್ತಾಳೆಯ ತಗಡು ಕತ್ತರಿಸಿ, ಸುತ್ತಿ, ಬೆಸೆದು ಕೊಳವೆ ಮಾಡುತ್ತಾರೆ. ಬರಿದಾದ ಕೊಳವೆಯನ್ನು ಬಗ್ಗಿಸಿದರೆ ಸುಕ್ಕಾಗುತ್ತದೆ, ಸ್ವರ ಕೆಡುತ್ತದೆ. ಅದಕ್ಕೆ ಒಳಗೆ ಕರಗುವಂಥ ವಸ್ತುವನ್ನು ಗಟ್ಟಿಯಾಗಿ ತುಂಬಿ ಬಗ್ಗಿಸಿ, ಆಮೇಲೆ ಅದನ್ನು ಕರಗಿಸಿ ಹೊರತೆಗೆಯಬೇಕು. ಪಲ್ಟನ್ನಿಗೆಂದು ಹುಟ್ಟಿದ ವಾದ್ಯ ಮದುವೆಯ ದಿಬ್ಬಣಕ್ಕೆ ಬಂದು, ಉತ್ತರ ಭಾರತದಲ್ಲಿ ಬ್ಯಾಂಡಿಲ್ಲದ ಮದುವೆಯೇ ಇಲ್ಲ ಎಂಬಂತಾಯಿತು. ಧ್ವನಿವರ್ಧಕದ ಅಬ್ಬರದ ನಡುವೆ ಈಗ ಆ ಬೇಡಿಕೆ ಇಳಿಯುತ್ತಿದೆ.

ಕತ್ತರಿಯ ಕಸುಬು ದಂಡಿಗಿಂತ ಹಳೆಯದು. ಮೂರೂವರೆ ಶತಮಾನದ್ದು ಎನ್ನುತ್ತಾರೆ ಕಸುಬಿನವರು. ಗುಜರಿಗೆ ಬಂದ ವಾಹನಗಳ ಸ್ಪ್ರಿಂಗ್ ಪಟ್ಟಿಯಂಥ ಉಕ್ಕನ್ನು ಕಾಯಿಸಿ, ಬಡಿದು, ನೀರು ಕುಡಿಸಿ, ಸಾಣೆ ಹಿಡಿದು ಅಲಗು ಮಾಡುತ್ತಾರೆ. ಹಿಡಿಯನ್ನು ಬೇರೆ ಲೋಹದಲ್ಲಿ ಎರಕ ಹೊಯ್ಯುತ್ತಾರೆ. ಒಂದು ಕತ್ತರಿ ಹಲವು ಕೈ ದಾಟಿ ಪೂರ್ಣಗೊಳ್ಳುತ್ತದೆ. ಒಬ್ಬನ ಕೆಲಸ ಬರೀ ಸಾಣೆ, ಇನ್ನೊಬ್ಬನದು ಎರಡು ಅಲಗು ಕೂಡಿಸಿ ತಿದ್ದುವುದು. ಆ ಕೂಡಿಕೆಯಲ್ಲೇ ಇದೆ ಗುಟ್ಟು. ಅಲಗುಗಳು ಬುಡದಿಂದ ತುದಿಯವರೆಗೆ ಎಡೆಬಿಡದೆ ಉಜ್ಜಿಕೊಂಡು ಹೋಗಬೇಕು, ಇಲ್ಲದಿದ್ದರೆ ಬಟ್ಟೆ ಕಚ್ಚಿಕೊಳ್ಳುತ್ತದೆ. ಮೊಂಡಾದರೆ ಮತ್ತೆ ಸಾಣೆ ಹಿಡಿಸಬಹುದು. ಅಜ್ಜ ಕೊಂಡ ಕತ್ತರಿಯನ್ನು ಮೊಮ್ಮಗ ಬಳಸುತ್ತಾನೆ ಎಂಬುದು ಅಲ್ಲಿನವರ ಹೆಮ್ಮೆ. 2013ರಲ್ಲಿ ಮೀರತ್ತಿನ ಕತ್ತರಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಮನ್ನಣೆಯಿಂದ ಹೊಟ್ಟೆ ತುಂಬುವುದಿಲ್ಲ. ಬಳಸಿ ಬಿಸಾಡುವ ಅಗ್ಗದ ವಿದೇಶಿ ಕತ್ತರಿಗಳ ಎದುರು ಈ ಮನೆಗಳು ಏದುಸಿರು ಬಿಡುತ್ತಿವೆ.

ಚೆಂಡಿನ ಕಥೆಗೆ ಇನ್ನೊಂದು ದಂಡು ಬೇಕು. ಇಂದು ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಕೂಡ ದಂಡಿನ ಊರೇ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಆಟಕ್ಕೆಂದು ಬ್ಯಾಟು, ಚೆಂಡು, ರ‍್ಯಾಕೆಟ್ ಮಾಡುವ ಕಸುಬು ಬೆಳೆದಿತ್ತು. 1931ರಲ್ಲಿ ಕೇದಾರನಾಥ್ ಮತ್ತು ದ್ವಾರಕಾನಾಥ್ ಆನಂದ್ ಎಂಬ ಸೋದರರು ಅಲ್ಲಿ ಒಂದು ಕಾರ್ಖಾನೆ ತೆರೆದರು. ದೇಶ ಒಡೆದಾಗ ಸಾವಿರಾರು ಜನರಂತೆ ಅವರೂ ಎಲ್ಲ ಬಿಟ್ಟು ಬಂದರು. 1950ರ ಹೊತ್ತಿಗೆ ಮೀರತ್ತಿನಲ್ಲಿ ಹೊಸದಾಗಿ ನೆಲೆಯೂರಿದರು. ಎಸ್‌ಜಿ ಎಂದು ಲೋಕಕ್ಕೆ ಗೊತ್ತಿರುವ ಸ್ಯಾನ್ಸ್‌ಪರೇಲ್ಸ್ ಗ್ರೀನ್‌ಲ್ಯಾಂಡ್ಸ್ ಅದೇ. ಅವರೊಂದಿಗೆ ಬಂದ ನಿರಾಶ್ರಿತರಲ್ಲಿ ಹಲವರು ವಿಕ್ಟೋರಿಯಾ ಪಾರ್ಕ್ ಸುತ್ತ ನೆಲೆಸಿದರು. 1857ರಲ್ಲಿ ಆ 85 ಸವಾರರನ್ನು ಕೂಡಿಟ್ಟ ಜೈಲು ಇದ್ದ ಜಾಗ ಅದು.

ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನ ಹೊರಸಾಲುಗಳ ಹೊಲಿಗೆ ಯಂತ್ರದ್ದು. ಎಸ್‌ಜಿ ಚೆಂಡಿನ ಆರೂ ಸಾಲು ಕೈಹೊಲಿಗೆ. ಹೊಲಿಯುವವರು ಚೆಂಡನ್ನು ಇಕ್ಕಳದಲ್ಲಿ ಬಿಗಿದು, ಎರಡು ಸೂಜಿಗಳನ್ನು ಎದುರುಬದುರು ತೂರಿಸಿ, ಮೈಯೆಲ್ಲ ಬಲ ಬಿಟ್ಟು ದಾರ ಎಳೆಯುತ್ತಾರೆ. ಅದಕ್ಕೇ ಅದರ ಹೊಲಿಗೆ ಉಬ್ಬಿ ನಿಲ್ಲುತ್ತದೆ, ಬೆರಳಿಗೆ ಸಿಗುತ್ತದೆ. ಕುಂಬ್ಳೆಯ ಬೆರಳಿಗೆ ಹಿಡಿತ ಕೊಟ್ಟದ್ದು ಇಂಥ ಹೊಲಿಗೆಯೇ. ಎಷ್ಟು ಹೊಲಿದರೂ ಚೆಂಡಿನ ತೂಕ 156ರಿಂದ 163 ಗ್ರಾಂ ಒಳಗೇ ಇರಬೇಕು. ಈ ಲೆಕ್ಕ ಕೈಗೆ ಹತ್ತಲು ವರ್ಷಗಳು ಬೇಕು. ಊರಾಚೆಯ ಹಳ್ಳಿಗಳಲ್ಲಿ ಹೆಂಗಸರು ಮನೆಯಲ್ಲೇ ಕೂತು ಫುಟ್‌ಬಾಲ್ ಹೊಲಿಯುತ್ತಾರೆ. ಅವರಿಗೆ ಸಿಗುವುದು ಬಿಡಿ ಲೆಕ್ಕದ ಕೂಲಿ, ಅದೂ ಬಹಳ ಕಡಿಮೆ. ಚೆಂಡಿನ ಮೇಲೆ ಕಂಪನಿಯ ಮುದ್ರೆ ಇರುತ್ತದೆ, ಹೊಲಿದವರ ಗುರುತು ಎಲ್ಲಿಯೂ ಇರುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ.

ದಂಡು ಇಂದಿಗೂ ಜೀವಂತ. ಭಾರತೀಯ ಸೇನೆಯ ಕುದುರೆ ನಾಯಿಗಳ ಪಾಲನೆ, ತರಬೇತಿ ನೋಡಿಕೊಳ್ಳುವ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನ ಕೇಂದ್ರ ಇಲ್ಲಿದೆ. ಸೇನೆಗೆ ದೇಶೀ ತಳಿಯನ್ನು ಪರೀಕ್ಷಿಸಲು ನಮ್ಮ ಮುಧೋಳ ನಾಯಿಯ ಮರಿಗಳು ಹೋದದ್ದು ಇದೇ ಕೇಂದ್ರಕ್ಕೆ. ಹಲಗಲಿ ಬೇಡರ ಸೀಮೆಯಿಂದ ಮೀರತ್ತಿಗೆ!

ಸಮವಸ್ತ್ರದ ಮೇಲಿನ ಅಭಿಮಾನ ಈ ಊರಲ್ಲಿ ದೊಡ್ಡದು. ಹಾಗೆಂದೇ 1987ರ ಮೇ 22ರ ಗಾಯ ಆಳವಾದದ್ದು. ಕೋಮುಗಲಭೆಯ ದಿನಗಳವು. ರಾಜ್ಯದ ಸಶಸ್ತ್ರ ಪೊಲೀಸ್ ಪಡೆಯವರು ಹಾಶಿಂಪುರಾ ಮೊಹಲ್ಲಾದಿಂದ ಸುಮಾರು 40 ಮಂದಿ ನಿರಾಯುಧ ಮುಸ್ಲಿಮರನ್ನು ಲಾರಿಯಲ್ಲಿ ಒಯ್ದು ಗುಂಡಿಟ್ಟು ಕಾಲುವೆಗೆ ಎಸೆದರು. 16 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು 2018ರಲ್ಲಿ, ದೆಹಲಿ ಹೈಕೋರ್ಟಿನಲ್ಲಿ. ಜನರ ಬಾಳುವೆ ಮಾತ್ರ ಬೇರೆಯದೇ ದಾರಿ ಹಿಡಿದಿದೆ. ಹೋಳಿಯ ನಂತರ ನಡೆಯುವ ನೌಚಂದಿ ಮೇಳದಲ್ಲಿ ಚಂಡಿಯ ಗುಡಿ ಮತ್ತು ಬಾಲೆ ಮಿಯಾನ ದರ್ಗಾ ಎರಡಕ್ಕೂ ಜನ ಸೇರುತ್ತಾರೆ. ಕತ್ತರಿ, ಬ್ಯಾಂಡು, ಚೆಂಡು ಯಾವ ಕಸುಬೂ ಒಂದೇ ಧರ್ಮದವರಿಂದ ನಡೆಯುವುದಿಲ್ಲ.

ದೆಹಲಿಗೆ ಹೋದ ಕನ್ನಡಿಗರು ಆಗ್ರಾಕ್ಕೆಂದು ಒಂದು ದಿನ ತೆಗೆದಿಡುವುದು ವಾಡಿಕೆ. ಮೀರತ್ತಿಗೂ ಒಂದು ದಿನ ಇಡಿ. ಎಕ್ಸ್‌ಪ್ರೆಸ್‌ವೇ ಇದೆ, ನಮೋ ಭಾರತ್ ರೈಲು ಬಂದಿದೆ, ದಾರಿ ಹಿಂದಿನಷ್ಟು ದೂರವಿಲ್ಲ. ಬೆಳಿಗ್ಗೆ ಔಘಡನಾಥನ ಗುಡಿ, ಸೇಂಟ್ ಜಾನ್ಸ್ ಚರ್ಚ್, ಸ್ವಾತಂತ್ರ್ಯ ಸಂಗ್ರಾಮದ ವಸ್ತು ಸಂಗ್ರಹಾಲಯ ನೋಡಿ. ಮಧ್ಯಾಹ್ನ ಗಲ್ಲಿಗಳಲ್ಲಿ ನಡೆಯಿರಿ. ಚಳಿಗಾಲವಾದರೆ ಎಳ್ಳು ಬೆಲ್ಲದ ಗಜಕ್ ತಿನ್ನಿ. ಕತ್ತರಿ ಕೊಳ್ಳುವುದಾದರೆ ಮಾಡುವವರ ಬಾಗಿಲಲ್ಲೇ ಕೊಳ್ಳಿ, ಅವರು ಹೇಳಿದ ಬೆಲೆಗೇ ಕೊಳ್ಳಿ.