ಬೆಂಕಿ ಇಲ್ಲದಾಗ ಬಾರಿಸುವ ಗಂಟೆ

ಬೆಂಗಳೂರಿಗೋ ಪುಣೆಗೋ ಹೋಗಿ ಮಗನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ದಿನ ಇದ್ದು ಬಂದ ನಮ್ಮ ಕಡೆಯ ಅಜ್ಜ-ಅಜ್ಜಿಯರಿಗೆ ಈ ಅನುಭವ ಆಗಿರುತ್ತದೆ. ಮುಂಜಾನೆ ಚಹಾ ಕುಡಿಯುತ್ತ ಕುಳಿತಾಗ ಕಿವಿ ಹರಿಯುವಂತೆ ಗಂಟೆ ಹೊಡೆದುಕೊಳ್ಳುತ್ತದೆ. ಗಾಬರಿಯಾಗಿ ಎದ್ದರೆ ಸೊಸೆ, ‘ಏನಿಲ್ರೀ ಮಾವಾರ, ಫೈರ್ ಅಲಾರ್ಮ್ ಟೆಸ್ಟ್ ಮಾಡಾಕತ್ತಾರ, ಕೂಡ್ರಿ’ ಅನ್ನುತ್ತಾಳೆ. ಮೊಮ್ಮಗ ಕೇಳುತ್ತಾನೆ: ‘ಬೆಂಕೀನ ಇಲ್ಲ, ಗಂಟಿ ಯಾಕ ಬಾರಸ್ತಾರ ಅಜ್ಜಾ?’

ಪ್ರಶ್ನೆ ಚಲೋ ಇದೆ. ನಮ್ಮ ಜಮಖಂಡಿ, ಮುಧೋಳ ಭಾಗದಲ್ಲಿ ಬೆಂಕಿ ಎಂದರೆ ಬಣವೆಗೆ ಬಿದ್ದದ್ದು, ಕಬ್ಬಿನ ರವದಿಗೆ ಬಿದ್ದದ್ದು. ಅದು ಹರದಾರಿ ದೂರಕ್ಕೂ ಕಾಣುತ್ತದೆ. ಒಬ್ಬ ಕೂಗಿದರೆ ಓಣಿಯೇ ಕೊಡ ಹಿಡಿದು ಓಡುತ್ತದೆ. ಆದರೆ ಈಗ ಬೀಳಗಿಯಂಥ ಊರಿನಲ್ಲೂ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ಮುಚ್ಚಿದ ಕೋಣೆಯಲ್ಲಿ ವೈರು ಸುಟ್ಟರೆ ಮೊದಲು ಬರುವುದು ಹೊಗೆ. ಉರಿ ಕಾಣುವ ಹೊತ್ತಿಗೆ ಮೆಟ್ಟಿಲೆಲ್ಲ ಹೊಗೆ ತುಂಬಿರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದರ ವಾಸನೆಯಿಂದ ಎಚ್ಚರವಾಗುತ್ತದೆಂದು ನಂಬುವಂತಿಲ್ಲ.

ಅದಕ್ಕೇ ಛಾವಣಿಗೆ ಬಿಳಿ ಬಟ್ಟಲಿನಂಥ ಪತ್ತೆಯಂತ್ರ ಕೂಡಿಸುತ್ತಾರೆ. ಅದರೊಳಗೆ ಒಂದು ಕತ್ತಲೆ ಗೂಡು, ಒಂದು ಸಣ್ಣ ದೀಪ, ಬೆಳಕನ್ನು ಗುರುತಿಸುವ ಒಂದು ಕಣ್ಣು. ದೀಪದ ಬೆಳಕು ನೇರ ಆ ಕಣ್ಣಿಗೆ ಬೀಳದಂತೆ ಇಟ್ಟಿರುತ್ತಾರೆ. ಹೊಗೆ ಒಳಗೆ ಹೊಕ್ಕಾಗ ಅದರ ಕಣಗಳಿಗೆ ತಾಗಿ ಬೆಳಕು ಚದುರುತ್ತದೆ, ಕಣ್ಣಿಗೆ ಬೀಳುತ್ತದೆ, ಗಂಟೆ ಹೊಡೆಯುತ್ತದೆ. ಕಿಟಕಿಯಿಂದ ಬಂದ ಬಿಸಿಲಕೋಲಿನಲ್ಲಿ ಧೂಳು ಹೊಳೆಯುವುದನ್ನು ನೋಡಿದ್ದೀರಲ್ಲ ಮಕ್ಕಳೇ, ಅದೇ ಲೆಕ್ಕ. ಇದಕ್ಕಿಂತ ಹಳೆಯ, ಬೇರೆ ಬಗೆಯ ಯಂತ್ರವೊಂದರ ಕಥೆ ಮಜವಾಗಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಯಂತ್ರ ಮಾಡಹೊರಟಿದ್ದರು. ಅದು ವಿಷಾನಿಲಕ್ಕೆ ಮಿಸುಕಲಿಲ್ಲ. ಬೇಸರಕ್ಕೆ ಸಿಗರೇಟು ಹಚ್ಚಿದರಂತೆ, ಮುಳ್ಳು ಅಲುಗಿತು! (ಸಿಗರೇಟಿನಿಂದ ಜಗತ್ತಿಗೆ ಆದ ಉಪಕಾರ ಇದೊಂದೇ ಇರಬೇಕು.)

ಈ ಯಂತ್ರದ ಗೂಡಿನಲ್ಲಿ ಧೂಳು ಕೂಡುತ್ತದೆ, ಜೇಡ ಮನೆ ಮಾಡುತ್ತದೆ. ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಾದರೆ ಹಾರುವ ಹತ್ತಿಯ ನವಿರು ಎಳೆಗಳೇ ಸಾಕು. ಬಣ್ಣ ಬಳಿಯುವವರು ಮುಚ್ಚಿದ ಪ್ಲಾಸ್ಟಿಕ್ ಚೀಲ ಹಾಗೇ ಉಳಿದಿರುತ್ತದೆ. ಕರೆಂಟು ಹೋದಾಗ ನಡೆಸಬೇಕಾದ ಬ್ಯಾಟರಿ ಸತ್ತಿರುತ್ತದೆ. ಇದು ಯಾವುದೂ ಕೆಳಗೆ ನಿಂತು ನೋಡಿದರೆ ತಿಳಿಯುವುದಿಲ್ಲ, ಬಾರಿಸಿಯೇ ನೋಡಬೇಕು. ವಾರಕ್ಕೊಮ್ಮೆ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಬಾರಿಸುವುದು ಒಳ್ಳೆಯ ಪದ್ಧತಿ. ಗೋಡೆಯ ಕೆಂಪು ಡಬ್ಬಿಗಳಲ್ಲಿ ಈ ವಾರ ಒಂದನ್ನು ಒತ್ತಿದರೆ ಮುಂದಿನ ವಾರ ಇನ್ನೊಂದನ್ನು ಒತ್ತಬೇಕು. ಆಗ ಎಲ್ಲದರ ಪಾಳಿಯೂ ಬರುತ್ತದೆ. ನಡುನಡುವೆ ಕರೆಂಟು ತೆಗೆದು ಬ್ಯಾಟರಿಯ ಮೇಲೂ ಬಾರಿಸಬೇಕು.

ಬಾರಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಬ್ಯಾಂಕಿನಲ್ಲಿ ನಮಗೂ ಅಲಾರ್ಮ್ ರಿಜಿಸ್ಟರ್ ಇತ್ತು. ಒಂದು ಶಾಖೆಯಲ್ಲಿ, ಹೆಸರು ಬೇಡ, ಇಡೀ ತಿಂಗಳ ‘ಪರೀಕ್ಷಿಸಲಾಗಿದೆ’ಗಳು ಒಂದೇ ಪೆನ್ನು, ಒಂದೇ ಶಾಯಿ, ಒಂದೇ ವಾಲಿಕೆಯಲ್ಲಿದ್ದವು. ಅದರಲ್ಲಿ ಭಾನುವಾರಗಳೂ ಸೇರಿದ್ದವು! ತಪಾಸಣೆಗೆ ಬಂದವರು ಮಾತಾಡದೆ ಎದ್ದು ಹೋಗಿ ಗುಂಡಿ ಒತ್ತಿದರು. ಸದ್ದಿಲ್ಲ.

ಗಂಟೆಯೊಂದೇ ಸಾಲದು, ದಾರಿಯೂ ತೆರೆದಿರಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹಾಡುಹಗಲು, ಆಫೀಸಿನ ಹೊತ್ತು. ಹೊಗೆ ತಾಳದೆ ಕಿಟಕಿಯಿಂದ ಹಾರಿದವರೂ ಇದ್ದರು. ಹೊರಹೋಗುವ ಬಾಗಿಲುಗಳಿಗೆ ಬೀಗವಿದ್ದ ವಿಷಯ ಆಗ ಬಹಳ ಚರ್ಚೆಯಾಯಿತು. ಸತ್ತವರ ಕಡೆಯವರು ಮುಂದೆ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಕೆಲಸ ಮಾಡುತ್ತ ಬಂದರು. ಗಂಟೆ ಬಾರಿಸಿದ ದಿನವೇ ಮೆಟ್ಟಿಲಿನ ಬಾಗಿಲನ್ನೂ ತಳ್ಳಿ ನೋಡಬೇಕು ಎನ್ನುವುದು ಇದಕ್ಕೇ.

ಸೊಸೆ ‘ಕೂಡ್ರಿ’ ಅಂದಳಲ್ಲ, ನನ್ನ ತಕರಾರು ಅಲ್ಲಿದೆ. ಪರೀಕ್ಷೆ ಯಂತ್ರದ್ದಷ್ಟೇ ಅಲ್ಲ, ಕೇಳುವ ಕಿವಿಯದೂ ಹೌದು. ಗಂಟೆಯ ಸದ್ದು ಸಾಮಾನ್ಯವಾಗಿ ಎಲ್ಲ ಕಡೆ 65 ಡೆಸಿಬೆಲ್, ಮಲಗಿದವರ ತಲೆಯ ಬಳಿ 75 ಡೆಸಿಬೆಲ್ ಇರಬೇಕೆಂದು ಲೆಕ್ಕ. ಆದರೆ ರಬಕವಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ಪಕ್ಕದವನ ಮಾತೇ ಕೇಳಿಸದು, ಅಲ್ಲಿ ಮಿಣುಕುವ ದೀಪವೂ ಬೇಕು. ನಮ್ಮಂಥ ಮುದುಕರ ಕಿವಿ ಮೊದಲು ಬಿಡುವುದು ಎತ್ತರದ ಸ್ವರವನ್ನು. ಮನೆಯೊಳಗಿನ ಹೊಗೆ ಅಲಾರ್ಮುಗಳು ಕೂಗುವುದು ಹೆಚ್ಚಾಗಿ ಅದೇ ಸ್ವರದಲ್ಲಿ, 3000 ಹರ್ಟ್ಸ್ ಸುಮಾರಿಗೆ, ಸೀಟಿ ಊದಿದ ಹಾಗೆ. ಇನ್ನು ಮಕ್ಕಳ ನಿದ್ದೆ ಗೊತ್ತೇ ಇದೆ. ಹೊರದೇಶಗಳಲ್ಲಿ ಪ್ರಯೋಗ ಮಾಡಿ ನೋಡಿದಾಗ ಎಷ್ಟೋ ಮಕ್ಕಳು ಆ ಕೂಗಿಗೆ ಏಳಲೇ ಇಲ್ಲ. ಅಮೆರಿಕದಲ್ಲಿ ಹೊಟೇಲುಗಳ ಮಲಗುವ ಕೋಣೆಗಳಿಗೆ ಈಗ 520 ಹರ್ಟ್ಸ್‌ನ ತಗ್ಗಿನ ಸ್ವರ ಬೇಕೆಂಬ ನಿಯಮವಿದೆ. ಅಂತೂ ಗಂಟೆ ಕೇಳದೇ ಇರುವ ಸಂಭವ ಹೆಚ್ಚಿರುವುದು ಮನೆಯ ಇಬ್ಬರಿಗೆ, ಅಜ್ಜನಿಗೆ ಮತ್ತು ಮೊಮ್ಮಗನಿಗೆ.

ಆದ್ದರಿಂದ ಮುಂದಿನ ಸಲ ಟೆಸ್ಟಿಂಗ್ ದಿನ ಕೂಡಬೇಡಿ. ಅಜ್ಜ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಿವಿಯ ಯಂತ್ರ ತೆಗೆದಿಟ್ಟು ಮಲಗಲಿ. ಗಂಟೆ ಕೇಳಿದರೆ ಕೈ ಎತ್ತಲಿ. ಮೊಮ್ಮಗಳು ನಿಂತು ನೋಡಲಿ. ಕೇಳದಿದ್ದರೆ ರಾತ್ರಿ ಅಜ್ಜನನ್ನು ಯಾರು ಎಬ್ಬಿಸಬೇಕು, ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂದು ಅಂದೇ ಗೊತ್ತುಮಾಡಿ. ಆಮೇಲೆ ಎಲ್ಲರೂ ಕೂಡಿ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಗೇಟಿನ ತನಕ ಹೋಗಿ ಬನ್ನಿ. ಎಷ್ಟು ನಿಮಿಷ ಹಿಡಿಯಿತೆಂದು ಹುಡುಗರು ಗಡಿಯಾರ ನೋಡಿ ಬರೆದಿಡಲಿ. ಅಗ್ನಿಶಾಮಕದ 101, ತುರ್ತು ಕರೆಯ 112, ಎರಡೂ ನಂಬರು ಆ ಹಾಳೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಚಾಳೀಸು ಇಲ್ಲದೆಯೂ ಓದುವ ಹಾಗೆ.