ಬೆಂಗಳೂರಿನಿಂದ ಅಹಮದಾಬಾದ್, ವಡೋದರಾ, ಸೂರತ್ ಎಷ್ಟು ದೂರ? ಟಿಕೆಟ್ ಬುಕ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಗುಜರಾತ್‌ಗೆ ಹೋಗಬೇಕು ಎಂದಾಗ ಮೊದಲು ನೆನಪಾಗುವುದು ಅಹಮದಾಬಾದ್ ವಿಮಾನ ನಿಲ್ದಾಣ. ಆದರೆ ನಿಮ್ಮ ಕೆಲಸ ಇರುವುದು ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಾದರೆ? ತಪ್ಪು ಊರಿನಲ್ಲಿ ಇಳಿದರೆ ಅರ್ಧ ದಿನವೇ ಕೈತಪ್ಪಬಹುದು.

ನೇರ ದೂರ ಎಷ್ಟು?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಆಕಾಶ ಮಾರ್ಗದ ನೇರ ದೂರ ಅಂದಾಜು ಹೀಗಿದೆ:

* ಸೂರತ್: 1,025 ಕಿ.ಮೀ
* ವಡೋದರಾ: 1,120 ಕಿ.ಮೀ
* ಅಹಮದಾಬಾದ್: 1,220 ಕಿ.ಮೀ

ಅಂದರೆ ಮೂರರಲ್ಲಿ ನಮಗೆ ಹತ್ತಿರ ಸೂರತ್. ಹುಬ್ಬಳ್ಳಿ, ಬೆಳಗಾವಿ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋದರೂ ಪುಣೆ, ಮುಂಬೈ ದಾಟಿದ ಮೇಲೆ ಮೊದಲು ಸಿಗುವುದು ಸೂರತ್, ಆಮೇಲೆ ವಡೋದರಾ, ಕೊನೆಗೆ ಅಹಮದಾಬಾದ್.

2 ಗಂಟೆ ಯಾಕೆ ಬೇಕು?

ಗಂಟೆಗೆ ಸುಮಾರು 800 ಕಿ.ಮೀ ವೇಗದಲ್ಲಿ ಹಾರುವ ವಿಮಾನ ಒಂದೂವರೆ ಗಂಟೆಯಲ್ಲೇ ಅಹಮದಾಬಾದ್ ತಲುಪಬೇಕಲ್ಲವೇ? ಆದರೆ ಟಿಕೆಟ್‌ನಲ್ಲಿ 2 ಗಂಟೆಗಿಂತ ಹೆಚ್ಚೇ ಇರುತ್ತದೆ. ವಿಮಾನ ನಿಂತ ಜಾಗದಿಂದ ಹೊರಟು ರನ್‌ವೇ ತಲುಪುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಆ ಸಮಯದಲ್ಲಿ ಸೇರಿದೆ. ಎದುರುಗಾಳಿ ಇದ್ದರೆ ಇನ್ನಷ್ಟು ನಿಮಿಷ ಹೆಚ್ಚು. ಸೂರತ್‌ಗೆ ಸುಮಾರು 2 ಗಂಟೆ ಸಾಕು.

ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ, ಅಲ್ಲಿ ಕಾಯಲು 2 ಗಂಟೆ, ಇಳಿದು ಹೊರಬರಲು ಅರ್ಧ ಗಂಟೆ ಸೇರಿಸಿದರೆ ನಿಜವಾದ ಪ್ರಯಾಣ 6 ಗಂಟೆ ಮುಟ್ಟುತ್ತದೆ.

ಎಲ್ಲಿ ಇಳಿದರೆ ಲಾಭ?

ಅಹಮದಾಬಾದ್‌ನಿಂದ ವಡೋದರಾಗೆ ರೈಲಿನಲ್ಲಿ ಸುಮಾರು 100 ಕಿ.ಮೀ, ಅಲ್ಲಿಂದ ಸೂರತ್‌ಗೆ ಮತ್ತೆ 130 ಕಿ.ಮೀ. ಟಿಕೆಟ್ ಅಗ್ಗ ಎಂದು ಅಹಮದಾಬಾದ್‌ನಲ್ಲಿ ಇಳಿದು ಸೂರತ್‌ಗೆ ಹೋಗುವವರು ಸುಮಾರು 200 ಕಿ.ಮೀ ಮುಂದೆ ಹಾರಿ, 230 ಕಿ.ಮೀ ಹಿಂದಕ್ಕೆ ಬಂದಂತೆ. ರೈಲಿಗೇ ಸುಮಾರು 3 ಗಂಟೆ ಬೇಕು. ರೈಲು ಕಾಯುವ ಸಮಯ ಬೇರೆ.

ಏಕತಾ ಪ್ರತಿಮೆ ನೋಡಲು ಹೊರಟ ಕುಟುಂಬಗಳಿಗೆ ವಡೋದರಾ ಅನುಕೂಲ. ಅಲ್ಲಿಂದ ಏಕತಾ ನಗರಕ್ಕೆ ಸುಮಾರು 90 ಕಿ.ಮೀ. ಅಮುಲ್‌ನ ಊರು ಆನಂದ್ ಕೂಡ ವಡೋದರಾದಿಂದ ಕೇವಲ 35 ಕಿ.ಮೀ ದೂರದಲ್ಲಿದೆ. ಸಾಬರಮತಿ ಆಶ್ರಮ, ಗಾಂಧಿನಗರಕ್ಕಾದರೆ ಅಹಮದಾಬಾದ್‌ನಲ್ಲೇ ಇಳಿಯಿರಿ.

ಅಹಮದಾಬಾದ್‌ಗೆ ವಿಮಾನಗಳು ಹೆಚ್ಚು, ಸಮಯದ ಆಯ್ಕೆಯೂ ಹೆಚ್ಚು ಎಂಬುದು ನಿಜ. ಆದರೂ ಟಿಕೆಟ್ ದರ ಹೋಲಿಸುವಾಗ ಮುಂದಿನ ರೈಲು ಅಥವಾ ಟ್ಯಾಕ್ಸಿ ಖರ್ಚನ್ನೂ ಕೂಡಿಸಿ. ರಾತ್ರಿ ತಡವಾಗಿ ಇಳಿಯುವ ವಿಮಾನವಾದರೆ, ಮುಂದಿನ ಊರಿಗೆ ಆ ಹೊತ್ತಿನಲ್ಲಿ ರೈಲು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಉಳಿಸಿದ ಹಣ ಲಾಡ್ಜ್ ಬಾಡಿಗೆಗೇ ಹೋದೀತು.