ಮರ್ಸಿಡಿಸ್-ಬೆಂಜ್ ಕಂಪ್ರೆಸರ್ ಕಾರುಗಳು
ಮರ್ಸಿಡಿಸ್-ಬೆಂಜ್ ಕಂಪ್ರೆಸರ್ ಕಾರುಗಳು ಚಾಲಕನ ಇಚ್ಛೆಯಂತೆ ಜೋಡಿಸಿ ಬಿಡಿಸಬಹುದಾದ ಸೂಪರ್‌ಚಾರ್ಜರನ್ನು ಹೊಂದಿದ್ದ, ೧೯೨೦ರ ದಶಕದ ಜರ್ಮನ್ ಕಾರುಗಳು. ಸೂಪರ್‌ಚಾರ್ಜರ್ ಎಂಬುದು ಸಿಲಿಂಡರುಗಳಿಗೆ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಗಾಳಿ ಹೆಚ್ಚಿದಂತೆ ಹೆಚ್ಚು ಇಂಧನವನ್ನು ಉರಿಸಬಹುದು. ಆದರೆ ಅದನ್ನು ತಿರುಗಿಸಲು ಎಂಜಿನ್ನಿನ ಶಕ್ತಿಯೇ ವ್ಯಯವಾಗುತ್ತದೆ. ಶಾಖವೂ ಏರಿ ಎಂಜಿನ್ ಬಳಲುತ್ತದೆ.

ಈ ಕಾರುಗಳಲ್ಲಿ ವೇಗವರ್ಧಕ ಪೆಡಲನ್ನು ಪೂರ್ತಿ ಕೆಳಗೊತ್ತಿದಾಗ ಮಾತ್ರ ಕ್ಲಚ್ ಕೂಡಿಕೊಂಡು ಸೂಪರ್‌ಚಾರ್ಜರ್ ತಿರುಗತೊಡಗುತ್ತಿತ್ತು. ಅದು ಕಾರ್ಬುರೇಟರಿನೊಳಕ್ಕೆ ಗಾಳಿಯನ್ನು ಊದುವಾಗ ಕಿವಿಗಡಚಿಕ್ಕುವ ಊಳು ಕೇಳಿಬರುತ್ತಿತ್ತು. ಪೆಡಲನ್ನು ಸಡಿಲಿಸಿದರೆ ಅದು ನಿಲ್ಲುತ್ತಿತ್ತು. ಏರು ದಾರಿಯಲ್ಲೋ ಮುಂದಿನ ವಾಹನವನ್ನು ದಾಟುವಾಗಲೋ ಅಲ್ಪಕಾಲ ಬಳಸಲೆಂದೇ ಈ ಏರ್ಪಾಡು.

ಮಾದರಿಯ ಹೆಸರಿನಲ್ಲಿಯೇ ಇದರ ಲೆಕ್ಕ ಅಡಗಿದೆ. ೧೯೨೭ರ 'ಎಸ್' ಮಾದರಿಯನ್ನು ೨೬/೧೨೦/೧೮೦ ಎಂದು ಗುರುತಿಸುತ್ತಿದ್ದರು. ಇದನ್ನು ಭಿನ್ನರಾಶಿಯೆಂದು ಓದಬಾರದು: ಮೊದಲನೆಯದು ತೆರಿಗೆಗಾಗಿ ಎಣಿಸಿದ ಅಶ್ವಶಕ್ತಿ, ಎರಡನೆಯದು ಸೂಪರ್‌ಚಾರ್ಜರ್ ಇಲ್ಲದಾಗಿನ ಶಕ್ತಿ, ಮೂರನೆಯದು ಅದು ಜೋಡಿಸಿದಾಗಿನ ಶಕ್ತಿ.

ಇಂಗ್ಲೆಂಡಿನ 'ಬ್ಲೋವರ್ ಬೆಂಟ್ಲಿ' ಕಾರಿನ ರೀತಿಯೇ ಬೇರೆ. ಅದರ ಸೂಪರ್‌ಚಾರ್ಜರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೆ ಕೂಡಿದ್ದು, ಎಂಜಿನ್ ಓಡುವಷ್ಟು ಕಾಲವೂ ತಿರುಗುತ್ತಿತ್ತು. ೧೯೩೦ರ ಲೆ ಮಾನ್ಸ್ ೨೪ ಗಂಟೆಗಳ ಸ್ಪರ್ಧೆಯಲ್ಲಿ ಎರಡೂ ಬಗೆಗಳು ಎದುರಾದವು. ಟಿಮ್ ಬರ್ಕಿನ್‌ನ ಬೆಂಟ್ಲಿ ಬೆನ್ನಟ್ಟಿದಾಗ ರುಡಾಲ್ಫ್ ಕರಾಚಿಯೋಲಾನ ಮರ್ಸಿಡಿಸ್ ಸಹ ಬಿರುಸಿನಿಂದ ಓಡಬೇಕಾಯಿತು. ಕೊನೆಗೆ ಆ ಮರ್ಸಿಡಿಸ್ಸೂ ಬ್ಲೋವರ್ ಬೆಂಟ್ಲಿಗಳೂ ಓಟವನ್ನು ಮುಗಿಸಲಿಲ್ಲ. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ ಬೆಂಟ್ಲಿ ಸ್ಪೀಡ್ ಸಿಕ್ಸ್.